ಹೊಸ ಕಾಲುವೆಯ ತೀರ್ಥ

"ಮೊದಲು ನೀನು ತಗೋ ಮಗಾ. ಗಂಗಮ್ಮನ್ನ ಊರಿಗೆ ತಂದವನು ನೀನು," ಎಂದು ತಾಯಿ ವೀರಮ್ಮ ತೀರ್ಥದ ತಂಬಿಗೆ ಹಿಡಿದು ಮುಂದೆ ನಿಂತಾಗ ಷಣ್ಮುಖಪ್ಪ ಕೈ ಹಿಂದಕ್ಕೆಳೆದುಕೊಂಡ. ಹೊಸ ಕಾಲುವೆಯ ದಡದಲ್ಲಿ ಮೂರು ಊರಿನ ಜನ ಸೇರಿದ್ದರು. ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದು, ಅದೇ ಕಾಲುವೆಯಿಂದ ಮೊಗೆದ ನೀರು ಅದು. ಊರಿಗೆ ಹೊಸ ನೀರು ಬಂದರೆ ಪೂಜೆ ಮಾಡಿ ತೀರ್ಥ ತೆಗೆದುಕೊಳ್ಳುವುದು ಅಲ್ಲಿನ ವಾಡಿಕೆ. ಷಣ್ಮುಖಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಮಹಾರಾಯ ಮರೆತಿದ್ದ, ಅಷ್ಟೆ.

ಭದ್ರಾವತಿಯ ಕಾರ್ಖಾನೆಯೊಂದು ಬಳಸಿ ಬಿಟ್ಟ ನೀರದು. ಹೊಂಡಗಳಲ್ಲಿ ನಿಲ್ಲಿಸಿ, ಕೊಳೆ ಇಳಿಸಿ, ಜನ್ನಾಪುರದ ಆಚೆಯ ಮೂರು ಊರಿನ ಕಬ್ಬಿಗೆ ಹರಿಸುವುದೆಂದು ಒಪ್ಪಂದವಾಗಿತ್ತು. 'ಗದ್ದೆಗೆ ಮಾತ್ರ' ಎಂದು ಕಾಗದದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಆದರೆ ಮೂರೂರೂ ಒಪ್ಪದಿದ್ದರೆ ಕಾಲುವೆಯೇ ಇಲ್ಲ ಎಂದಾಗ, ಆ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದ ಷಣ್ಮುಖಪ್ಪ ಮನೆಮನೆಗೂ ಕಾಗದ ಓದಿ ಹೇಳಿದ್ದ. ಓದುವಾಗ ತನ್ನದೂ ಒಂದು ಮಾತು ಸೇರಿಸಿದ್ದ: "ಭದ್ರೆ ನೀರಿಗಿಂತ ಚೊಕ್ಕ. ಬೇಕಾದ್ರೆ ಕುಡೀಬಹುದು ಮಾರಾಯ್ರೇ!" ಯಾರು ಕುಡಿಯುತ್ತಾರೆ ಎಂಬ ಧೈರ್ಯ. ಜನ ನಂಬಿ ಹೆಬ್ಬೆಟ್ಟು ಒತ್ತಿದ್ದರು.

"ಏನೋ ಯೋಚನೆ? ಕೈ ಚಾಚು."

ಅವನ ಬೆನ್ನ ಹಿಂದೆ ಸಾಲು ಬೆಳೆದಿತ್ತು. ಹಿರಿಯರಾದ ಉಜ್ಜನಪ್ಪ, ಮಕ್ಕಳನ್ನೆತ್ತಿಕೊಂಡ ಹೆಂಗಸರು, ಕೊನೆಯಲ್ಲಿ ಏಳು ತಿಂಗಳ ಬಸುರಿ, ಅವನ ಹೆಂಡತಿ ಬಸವರಾಜೇಶ್ವರಿ. ಇವತ್ತೂ ಕಾಫಿಯನ್ನು ಒಗರು ಮಾಡಿದಳೆಂದು ಬೆಳಿಗ್ಗೆ ಅವಳನ್ನು ಗದರಿ ಬಂದಿದ್ದ. ತಾನು ಕುಡಿದರೆ ಎಲ್ಲರೂ ಕುಡಿಯುತ್ತಾರೆ. ಬೇಡವೆಂದರೆ ಒಪ್ಪಂದ ಇಲ್ಲೇ ಮುರಿಯುತ್ತದೆ. ಕಾಲುವೆ ಉದ್ಘಾಟನೆಗೆ ಶಿವಮೊಗ್ಗದಿಂದ ಸಾಹೇಬರ ಜೀಪು ಬರುವ ಹೊತ್ತು ಬೇರೆ.

"ಹಿರಿಯರಿಗೆ ಕೊಡವ್ವ ಮೊದಲು," ಎಂದು ಪಕ್ಕಕ್ಕೆ ಸರಿದ. ಹೆದರಿದವನ ಬುದ್ಧಿ ಇನ್ನೆಷ್ಟು ದೂರ ಓಡೀತು!

ಉಜ್ಜನಪ್ಪ ಸಂತೋಷದಿಂದ ಬಲಗೈ ಚಾಚಿದರು. ಅಂಗೈಗೆ ನೀರು ಬಿತ್ತು. ಕೈ ತುಟಿಯ ಹತ್ತಿರ ಹೋಯಿತು.

"ಬೇಡ! ಕುಡೀಬೇಡಿ!" ಷಣ್ಮುಖಪ್ಪ ಅವರ ಕೈಯನ್ನು ತಟ್ಟಿಯೇ ಬಿಟ್ಟ. ತೀರ್ಥ ಮಣ್ಣುಪಾಲಾಯಿತು. "ಇದು ಕುಡಿಯೋ ನೀರಲ್ಲ. ಆಸಿಡ್ಡಿನ ಅಂಶ ಇರುತ್ತೆ ಇದ್ರಲ್ಲಿ. ನಾನೇ ಸುಳ್ಳು ಹೇಳಿದ್ದೆ."

ಹೊಡೆಯುತ್ತಾರೆಂದು ತಲೆ ತಗ್ಗಿಸಿ ನಿಂತ. ಉಜ್ಜನಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು, ಒಣಗಿದ ಮೇಲೂ ಒರೆಸುತ್ತಲೇ ಇದ್ದರು. ಸದ್ಯ, ಯಾರ ಹೊಟ್ಟೆಗೂ ಹೋಗಲಿಲ್ಲವಲ್ಲ ಎಂದು ಷಣ್ಮುಖಪ್ಪನಿಗೆ ಹೋದ ಜೀವ ಬಂದಂತಾಯಿತು.

ವೀರಮ್ಮ ತಂಬಿಗೆಯನ್ನು ನೆಲಕ್ಕಿಟ್ಟಳು.

"ಪರೀಕ್ಷೆಗೆ ಅಂತ ಸೋಮವಾರವೇ ನೀರು ಬಿಟ್ಟಿದ್ರಲ್ಲೋ," ಎಂದಳು. "ಹೊಳೆ ದೂರ. ನೀನೇ ಚೊಕ್ಕ ಅಂದಿದ್ದೆ. ಮೂರು ದಿನದಿಂದ ಮನೆಗೆ ಇದನ್ನೇ ಹೊತ್ತು ತರ್ತಿದೀನಿ."

ಬೆಳಗಿನ ಕಾಫಿಯ ಒಗರು ಷಣ್ಮುಖಪ್ಪನ ನಾಲಿಗೆಗೆ ಮತ್ತೆ ಬಂತು. ತಿರುಗಿ ನೋಡಿದ. ಸಾಲಿನ ಕೊನೆಯಲ್ಲಿ ಬಸವರಾಜೇಶ್ವರಿ, ತೀರ್ಥಕ್ಕೆಂದು ತೊಳೆದಿಟ್ಟುಕೊಂಡಿದ್ದ ಕೈಯನ್ನು ಮೆಲ್ಲಗೆ ಹೊಟ್ಟೆಯ ಮೇಲೆ ಇಟ್ಟುಕೊಂಡಳು.