ಒಳಗೆ ಮಡಚಿದ್ದು

ಆ ಬೆಳಿಗ್ಗೆ ಹೊಳವನಹಳ್ಳಿಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ, ಎದುರಿಗಿದ್ದ ಬಸ್ ನಿಲ್ದಾಣವೇ ದರ್ಜಿ ಪರ್ವತಯ್ಯನಿಗೆ ಕಾಣುತ್ತಿರಲಿಲ್ಲ. ಆದರೆ ಮಂಜಿನೊಳಗಿಂದ ಬಂದ ದನಿ ಯಾರದೆಂದು ಗೊತ್ತಾಗಿ, ಸಿದ್ದೇಶ್ವರನ ಪಟಕ್ಕೆ ಊದುಬತ್ತಿ ಬೆಳಗುತ್ತಿದ್ದ ಕೈ ಅರ್ಧಕ್ಕೇ ನಿಂತಿತು. “ಅಪ್ಪಾ ಸಿದ್ದಪ್ಪ, ಬೆಳಬೆಳಗ್ಗೇನೇ ಈಯಮ್ಮನ್ನ ಕಳಿಸ್ತಿದ್ದೀಯಲ್ಲಾ” ಎಂದು ಗೊಣಗಿ, ಪಟದ ಕೆಳಗಿನ ಹಾಸುಬಟ್ಟೆಯ ಮೇಲೆ ಬಿದ್ದ ಬೂದಿಯನ್ನು ಊದಿ ತಿರುಗಿದ.

ರಾಮಾಂಜಿನಮ್ಮ ಮೊಮ್ಮಗಳು ಭವ್ಯಳನ್ನು ಮುಂದೆ ದಬ್ಬಿಕೊಂಡು ಬಂದು, ಸೈಕಲ್ ರೇಸಿನ ಕರಿ ಚಡ್ಡಿಯನ್ನು ಮಿಷಿನ್ ಮೇಲೆ ಎಸೆದಳು. ಇದು ನಾಲ್ಕನೇ ಸಲ. ಹುಡುಗಿಗೆ ಹನ್ನೊಂದು ವರ್ಷ, ಸಜ್ಜೆ ದಂಟಿನ ಹಾಗೆ ಸಣಕಲು. ಮೂರು ವರ್ಷ ಬಾಳಿಕೆ ಬರಲಿ ಎಂದು ಅಜ್ಜಿ ತುಮಕೂರಿನಿಂದ ತಂದದ್ದು ದೊಡ್ಡವರ ಅಳತೆಯದು. ಮೊದಲ ಸಲ ಪಕ್ಕ ಮಡಚಿ ಹೊಲಿದಾಗ ಸೊಂಟದಿಂದ ಜಾರಿತು. ಎರಡನೇ ಸಲ, ಹಿಗ್ಗುವ ಬಟ್ಟೆಗೆ ಹಾಕಿದ ನೂಲು ಪಟಪಟನೆ ಕಿತ್ತುಬಂತು. ಮೂರನೇ ಸಲ ಎರಡೂ ಕೈಯಲ್ಲಿ ಬಟ್ಟೆ ಎಳೆದು ಹಿಡಿದು ಹೊಲಿದಿದ್ದ; ಹೊಲಿಗೆ ಗಟ್ಟಿಯಾಗಿ ನಿಂತಿತ್ತು.

“ಈಗೇನಮ್ಮಾ?”

“ನನ್ನೇನು ಕೇಳ್ತೀಯ, ಅವಳ ಕಾಲು ಕೇಳು. ನೆನ್ನೆ ಕೊಳಾಲದ ಗಂಟ ತುಳ್ಕೊಂಡು ಹೋಗಿ ಬಂದವ್ಳೆ, ತೊಡೆಯೆಲ್ಲ ತರಚೈತೆ. ನಾಳೆ ಮಧುಗಿರೀಲಿ ರೇಸು!”

ಪರ್ವತಯ್ಯ ಚಡ್ಡಿಯನ್ನು ತಿರುವಿ ಹಾಕಿದ. ಎರಡೂ ಪಕ್ಕ ನಾಲ್ಕು ಬೆರಳಗಲ ಬಟ್ಟೆ ಒಳಗೆ ಮಡಚಿಕೊಂಡಿತ್ತು. “ಇಷ್ಟು ದಪ್ಪ ಮಡಿಕೆ ಉಜ್ಜದೆ ಇನ್ನೇನು ಮಾಡ್ತದೆ? ಕತ್ತರಿಸ್ತೀನಿ ಅಂತ ಅವತ್ತೇ ಬಡ್ಕೊಂಡೆ.”

“ಕತ್ತರಿ ಬ್ಯಾಡ. ಬೆಳೆಯೋ ಮಗ. ಬರೋ ವರ್ಸ ಬಿಚ್ಕೋಬೇಕು.”

“ವರ್ಷಾವರ್ಷ ಬಿಚ್ಚೋಕೆ ಇದೇನು ಲಂಗವೇನಮ್ಮಾ? ಮೈಗೆ ಅಂಟ್ಕೊಂಡಿರ್ಬೇಕು. ಕತ್ತರಿಸಿದ ಪಟ್ಟೀನ ಬೇಕಾದಾಗ ಪಕ್ಕಕ್ಕೆ ಸೇರಿಸ್ಕೋಬೌದು.”

“ನಿನ್ನಂಗ್ಡೀಲಿ ಕತ್ತರಿಸಿದ್ದು ಯಾವತ್ತಯ್ಯಾ ವಾಪಸ್ ಬಂದೈತೆ? ಹೋದ್ ವರ್ಸ ನನ್ನ ಗಿಣಿಹಸಿರು ಕುಪ್ಸದ ಬಟ್ಟೆ ಮೊಳದುದ್ದ ಮಿಗ್ಬೇಕಿತ್ತು. ಇವಳ ಲಂಗಕ್ಕೆ ಅಂಚು ಕೊಡ್ಸಾನ ಅಂತಿದ್ದೆ. ಮಿಗ್ಲೇ ಇಲ್ಲ ಅಂದ್ಬುಟ್ಟೆ.”

“ಮಿಗ್ಲಿಲ್ಲ ಅಂದ್ರೆ ಮಿಗ್ಲಿಲ್ಲ!” ಪರ್ವತಯ್ಯನ ದನಿ ಏರಿತು. “ಸಾಕಾಗೋಯ್ತು ನಿನ್ನ ಸಾವಾಸ. ಎತ್ಕೊಂಡು ಕೊರಟಗೆರೆಗೆ ಹೋಗು.”

“ಅಂಗೇ ಇರ್ಲಿ ಬುಡಿ ತಾತ. ಕೊಬ್ರಿ ಎಣ್ಣೆ ಸವರ್ಕೊಂಡು ತುಳೀತೀನಿ” ಎಂದ ಭವ್ಯ ಬೆಂಚಿನ ಮೇಲೆ ಕೂರಲು ಹೋಗಿ, ಹಲ್ಲು ಕಚ್ಚಿ ಮತ್ತೆ ಎದ್ದು ನಿಂತಳು.

ಅಜ್ಜಿ ಅವಳ ತೊಡೆಯತ್ತ ನೋಡಿದಳು. ತಗ್ಗಿದ ದನಿಯಲ್ಲಿ, “ಪಟ್ಟಿ ವಾಪಸ್ ಕೊಡ್ತೀನಿ ಅಂತ ಆ ಸಿದ್ದಪ್ಪನ ಮೇಲೆ ಆಣೆ ಇಡು. ಕತ್ತರಿಸು” ಎಂದಳು.

ಪರ್ವತಯ್ಯ ಪಟದ ಕಡೆ ನೋಡಿದ. ಕಣ್ಣು ಕೆಳಗಿಳಿಸಿದ. ಆಣೆ ಇಡದೆಯೇ ಕತ್ತರಿ ಎತ್ತಿಕೊಂಡ.

ಮಂಜು ಕರಗುವ ಹೊತ್ತಿಗೆ ಭವ್ಯ ಹೊಸ ಹೊಲಿಗೆಯ ಚಡ್ಡಿ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ಮೂರು ಸುತ್ತು ಹಾಕಿದ್ದಳು. “ಈಗ ಉಜ್ಜಲ್ಲ ತಾತಾ!” ಎಂದು ಅಲ್ಲಿಂದಲೇ ಕೂಗಿ ಬೆಲ್ ಬಾರಿಸಿದಳು. ಪರ್ವತಯ್ಯ ನಗಲಿಲ್ಲ. ಎರಡು ಕರಿ ಪಟ್ಟಿಗಳನ್ನು ಸುತ್ತಿ ಅಜ್ಜಿಯ ಕೈಗಿತ್ತ. ಅವಳು ಬಿಚ್ಚಿ, ಎಳೆದು, ಉದ್ದ ನೋಡಿ, ಮೆಟ್ಟಿಲಿಳಿದಳು.

“ತಡಿ.”

ಅವನು ಪಟವನ್ನು ಎರಡೂ ಕೈಯಿಂದ ಎತ್ತಿ, ಕೆಳಗಿನ ಹಾಸುಬಟ್ಟೆಯನ್ನು ಎಳೆದ. ಮೇಲುಮಡಿಕೆ ಊದುಬತ್ತಿಯ ಕಿಡಿ ತಾಗಿ ತೂತುಬಿದ್ದು, ಹೊಗೆಗೆ ಕಪ್ಪಾಗಿತ್ತು. ಕೊಡವಿದಾಗ ಒಳಮಡಿಕೆಯ ಗಿಣಿಹಸಿರು ಹೊಸದರಂತೆಯೇ ಇತ್ತು. ತಲೆಯೆತ್ತದೆ ಅದನ್ನು ಅವಳ ಕೈಯಲ್ಲಿದ್ದ ಕರಿ ಪಟ್ಟಿಗಳ ಮೇಲಿಟ್ಟ.

ಒಂದು ವರ್ಷ ಬೈದಿದ್ದ ರಾಮಾಂಜಿನಮ್ಮ ತನ್ನ ಕುಪ್ಪಸದ ಬಟ್ಟೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಅವನ ಹೆಗಲಾಚೆ ಗೋಡೆಯತ್ತ ನೋಡಿದಳು. ಬರಿ ಹಲಗೆಯ ಮೇಲೆ ಸಿದ್ದೇಶ್ವರ ಕೂತಿದ್ದ.