ಅಳುವಿನ ಸಿಲಿಂಡರ್

ಈ ವರ್ಷವೂ ನಮ್ಮ ಕಾಲೇಜಿನ ನಾಟಕಗಳನ್ನು ಆರಿಸಿದ್ದು ಸ್ಟೋರ್ ರೂಮೇ. ಅಲ್ಲಿ ಪ್ರೇಕ್ಷಕರನ್ನು ನಗಿಸುವ ಗ್ಯಾಸಿನ ಸಿಲಿಂಡರ್‌ಗಳು ರಾಶಿ ರಾಶಿ ಧೂಳು ತಿನ್ನುತ್ತ ಬಿದ್ದಿದ್ದವು. ಅಳಿಸುವುದು ಒಂದೇ ಇತ್ತು.

"ಎಲ್ಲಾ ಕಾಮಿಡಿನ ಮಾಡ್ರಿ ಮೇಡಂ, ದುಃಖದ್ದು ಒಂದು ಸಾಕು," ಎಂದರು ಪ್ರಿನ್ಸಿಪಾಲ್ ಬೆಟಗೇರಿ ಸರ್.

ನನ್ನ ಕೆಲಸ ನಾಟಕ ಕಲಿಸುವುದು. ಈಗ ಕಲಿಸುವುದು ಮಾತ್ರ ಯಾವ ಮಾತಿಗೆ ಯಾವ ವಾಲ್ವ್ ತಿರುಗಿಸಬೇಕೆಂದು. ಸಭೆಯೊಳಗೆ ಗ್ಯಾಸ್ ಹರಿಸಿದರೆ ಸಾಕು, ಜನ ನಗುತ್ತಾರೆ, ಅಳುತ್ತಾರೆ. ಹುಡುಗರು ರಂಗದ ಮೇಲೆ ಆಕಳಿಸಿದರೂ ನಡೆಯುತ್ತದೆ. ನನಗಂತೂ ಹೇಸಿಗೆ ಹುಟ್ಟಿಬಿಟ್ಟಿದೆ.

ಆ ಒಂದು ದುಃಖದ ನಾಟಕಕ್ಕಾಗಿ, ರಿಹರ್ಸಲ್ ನೋಡಲು ಬಂದಿದ್ದ ಬೆಟಗೇರಿ ಸರ್ ಎದುರು ದಾನಮ್ಮ ಎಂಬ ವಿದ್ಯಾರ್ಥಿನಿಯಿಂದ ಪುಟವೊಂದನ್ನು ಓದಿಸಿದೆ. ಮಗನ ಹೆಣದ ಮುಂದೆ ಕೂತ ತಾಯಿಯ ಮಾತು.

"ಏಳೋ ಯಪ್ಪಾ, ರೊಟ್ಟಿ ಆರಾಕತ್ತಾವ."

ಬೆಟಗೇರಿ ಸರ್ ಕೆನ್ನೆ ಮುಟ್ಟಿಕೊಂಡರು. ಒದ್ದೆಯಾದ ಬೆರಳು ಕಂಡದ್ದೇ ಮೂಗಿಗೆ ಕರ್ಚೀಫು ಒತ್ತಿಕೊಂಡು ಕಿಟಕಿಯತ್ತ ಓಡಿದರು.

"ಸಿಲಿಂಡರ್ ಲೀಕ್ ಆಗೇತಿ! ಎಲ್ಲಾರೂ ಹೊರಗ ನಡೀರಿ!"

"ಅದು ಸ್ಟೋರ್ ರೂಮಿನಾಗ ಐತ್ರಿ ಸರ್," ಎಂದೆ. "ಸೀಲ್ ಸೈತ ಒಡದಿಲ್ಲ."

ಅವರು ದಾನಮ್ಮನನ್ನು ದಿಟ್ಟಿಸಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಹಂಗಾರ ಈ ಹುಡುಗಿನ್ನ ನಾಟಕದಿಂದ ತಗೀರಿ," ಎಂದರು. "ಇಕಿ ಬಾಯಿ ತಗದ್ರ, ಬಂದ್ ಮಾಡಾಕ ವಾಲ್ವ್ ಎಲ್ಲೈತ್ರಿ?"