ಕರ್ಚೀಫಿನಲ್ಲಿ ಸುತ್ತಿಟ್ಟ ಮೋಟಾರು

ಬಚ್ಚಲಲ್ಲಿ ನೀರು ಬೀಳುವ ಸದ್ದು ಇನ್ನೂ ನಿಂತಿರಲಿಲ್ಲ. ಮೇಘಶ್ರೀ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಮೆಲ್ಲಗೆ ಎಳೆದಳು. ಬೀಗ ಹಾಕಿರಲಿಲ್ಲ. ಸ್ಕ್ರೂಡ್ರೈವರು, ಟೇಪು, ವೈರಿನ ಸುರುಳಿ. ಎಲ್ಲದರ ಅಡಿಯಲ್ಲಿ, ಕರ್ಚೀಫಿನಲ್ಲಿ ಸುತ್ತಿಟ್ಟ ಒಂದು ಮೋಟಾರು.

ಪೆಟ್ಟಿಗೆ ಸ್ನಾನಕ್ಕೆ ಹೋಗಿದ್ದ ಮಾನ್ಯಳದು. ಚನ್ನರಾಯಪಟ್ಟಣದ ತಂಡದ ಹುಡುಗಿ. ಕಂಬ ಹತ್ತುವ ರೋಬೋಟುಗಳ ಸ್ಪರ್ಧೆಗೆಂದು ಹಾಸನಕ್ಕೆ ಬಂದ ಅವಳಿಗೂ ಮೇಘಶ್ರೀಗೂ ಹಾಸ್ಟೆಲಿನಲ್ಲಿ ಒಂದೇ ಕೋಣೆ ಸಿಕ್ಕಿತ್ತು. ನಿನ್ನೆ ಸಂಜೆ ಎಲ್ಲರ ಊಟ ಮುಗಿಯುವ ಹೊತ್ತಿಗೆ ಬಂದ ಮಾನ್ಯ, "ಕೈಯೆಲ್ಲಾ ಗ್ರೀಸು, ಎಷ್ಟು ತೊಳೆದ್ರೂ ಹೋಗ್ಲಿಲ್ಲ" ಎಂದಿದ್ದಳು. ಆಮೇಲೆ ಕೋಣೆಯಲ್ಲಿ, ಮನೆಯಿಂದ ತಂದ ಹೋಳಿಗೆಯ ಡಬ್ಬಿಯನ್ನೇ ಮೇಘಶ್ರೀಯ ಮುಂದೆ ತಳ್ಳಿದ್ದಳು. ತಾನು ಒಂದು ಚೂರೂ ಮುಟ್ಟಿರಲಿಲ್ಲ. ಅಂಥವಳ ಪೆಟ್ಟಿಗೆಗೆ ಮೇಘಶ್ರೀ ಕೈ ಹಾಕಿದ್ದಳು.

ಅವಳು ಕದಿಯಲು ಬಂದಿರಲಿಲ್ಲ. ಕೇಳಲು ಬಂದಿದ್ದಳು.

ಅರ್ಧ ಗಂಟೆಯ ಹಿಂದೆ ಸ್ಪರ್ಧೆಯ ಹಾಲ್ ತೆರೆದ ಕೂಡಲೇ, ಅವಳೂ ಅವಳ ತಂಡದ ಸಂಜಯನೂ ತಮ್ಮ ರೋಬೋಟನ್ನು ಕಂಬಕ್ಕೆ ಹಚ್ಚಿದ್ದರು. ಸುಲಿದ ತೆಂಗಿನಕಾಯಿಯಷ್ಟು ಗಾತ್ರದ್ದು. ಮೂರು ರಬ್ಬರ್ ಚಕ್ರಗಳಿಂದ ಕಂಬವನ್ನು ಅಪ್ಪಿಕೊಂಡು ಓಡಬೇಕು. ನಿನ್ನೆ ಸಂಜೆಯ ಅಭ್ಯಾಸದಲ್ಲಿ ಮೂರು ಮೀಟರಿನ ಕಂಬವನ್ನು ಆರು ಸೆಕೆಂಡಿನಲ್ಲಿ ಹತ್ತಿತ್ತು. ಒಂದು ಸಲವಲ್ಲ, ಐದು ಸಲ. ಇವತ್ತು ಸ್ವಿಚ್ಚು ಒತ್ತಿದರೆ ಕದಲಲಿಲ್ಲ. ಮೋಟಾರಿನಿಂದ ಸುಟ್ಟ ವಾಸನೆ ಬಂತು.

"ನಿನ್ನೆ ಅಂಗೆ ಕಂಬ ಅತ್ತಿತ್ತಲ್ಲ ಕಣೇ!" ಸಂಜಯ ತಲೆ ಹಿಡಿದುಕೊಂಡ. "ಸುಮ್ಕೆ ಟೇಬಲ್ ಮ್ಯಾಲೆ ಕುಂತಿದ್ದು ಅದೆಂಗೆ ಸುಟ್ಟೋಯ್ತದೆ?"

ಇದ್ದ ಒಂದೇ ಹೆಚ್ಚಿನ ಮೋಟಾರು ಹೋದ ವಾರವೇ ಕೆಟ್ಟಿತ್ತು. ಭಾನುವಾರ. ಅಂಗಡಿ ತೆರೆಯುವ ಹೊತ್ತಿಗೆ ಸ್ಪರ್ಧೆಯೇ ಮುಗಿದಿರುತ್ತದೆ.

ಹಳ್ಳಿಮೈಸೂರಿನ ಅವರ ಡಿಪ್ಲೊಮಾ ಕಾಲೇಜಿನ ರೋಬೋಟಿಕ್ಸ್ ವಿಭಾಗದಲ್ಲಿ ಇದ್ದವರೇ ಒಂಬತ್ತು ಜನ. ಮುಂದಿನ ವರ್ಷ ಮುಚ್ಚುವ ಮಾತು ನಡೆದಿತ್ತು. "ಮೇಲಿನವರ ಮುಂದೆ ಇಡೋಕೆ ನನ್ನ ಕೈಲಿ ಏನೂ ಇಲ್ಲ ಕಣ್ರಮ್ಮ. ಸ್ಪರ್ಧೆ ಗೆದ್ದು ಒಂದು ಕಪ್ಪಾದ್ರೂ ತಂದುಕೊಡಿ" ಎಂದಿದ್ದರು ಪ್ರಿನ್ಸಿಪಾಲ್ ಚಂದ್ರಶೇಖರಯ್ಯ. ಅವ್ವ ಬೆಟ್ಟಮ್ಮನದು ಇನ್ನೂ ಖಡಕ್ಕು ಮಾತು. "ನಡ್ಕಂಡೋಗೋ ದೂರದಲ್ಲೈತೆ ಅಂತ ಓದುಸ್ತಾ ಇವ್ನಿ. ಅದು ಮುಚ್ಕಂಡ್ರೆ ನಿನ್ನ ಓದೂ ಮುಚ್ಕಂಡಂಗೇಯ."

ಮೇಘಶ್ರೀ ಕೈಯಲ್ಲಿದ್ದ ಮೋಟಾರನ್ನು ನೋಡಿದಳು. ಕೇಳಿದರೆ ಎದುರಾಳಿ ಕೊಡುತ್ತಾಳೆಯೇ? ಇಲ್ಲವೆಂದರೆ ಅಲ್ಲಿಗೆ ಮುಗಿಯಿತು. ಮಾನ್ಯಳ ರೋಬೋಟಿನಲ್ಲಿ ಒಂದು ಇದ್ದೇ ಇರುತ್ತದೆ. ಇದು ಹೆಚ್ಚಿನದು. ಅವಳಿಗೇನೂ ನಷ್ಟವಿಲ್ಲ.

ನೀರಿನ ಸದ್ದು ನಿಂತಿತು. ಮೇಘಶ್ರೀ ಮೋಟಾರನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಸ್ಪರ್ಧೆಯ ಹಾಲಿಗೆ ಓಡಿದಳು.

"ಎಲ್ಲಿ ಸಿಕ್ತು?" ಸಂಜಯ ಕೇಳಿದ.

"ಕೇಳ್ಬ್ಯಾಡ. ಬಿಗಿ."

ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಯಾವುದನ್ನೂ ಉಜ್ಜಬೇಕಾಗಲಿಲ್ಲ, ಕೊರೆಯಬೇಕಾಗಲಿಲ್ಲ. ಎಲ್ಲರೂ ಕೊಳ್ಳುವುದು ಒಂದೇ ಮಾದರಿಯ ಮೋಟಾರು ತಾನೆ, ಎಂದುಕೊಂಡಳು.

ಅವರ ಸರದಿ ಬಂದಾಗ ರೋಬೋಟು ಅಳಿಲಿನ ಹಾಗೆ ಕಂಬ ಏರಿತು. ಐದು ಪಾಯಿಂಟ್ ಎಂಟು ಸೆಕೆಂಡು. ಹಾಲ್ ತುಂಬ ಚಪ್ಪಾಳೆ. ಸಂಜಯ ಕುಣಿದಾಡಿಬಿಟ್ಟ.

ಮುಂದಿನ ಸರದಿ ಚನ್ನರಾಯಪಟ್ಟಣದ್ದು. ಮಾನ್ಯ ಬರಿಗೈಯಲ್ಲಿ ತೀರ್ಪುಗಾರರ ಮುಂದೆ ಬಂದು ನಿಂತಳು.

"ನಾವು ಹಿಂದೆ ಸರೀತೀವಿ ಸರ್. ನಮ್ಮ ಹತ್ರ ಮೋಟಾರಿಲ್ಲ."

ಮೇಘಶ್ರೀ ತಮ್ಮ ರೋಬೋಟಿನ ಕಡೆ ತಿರುಗಿದಳು. ಹಾಗಾದರೆ ಅದು ಹೆಚ್ಚಿನದಲ್ಲ. ಇದ್ದುದೇ ಅದೊಂದು. ಮಾನ್ಯ ಒಮ್ಮೆ ಇವಳ ಕಡೆ ನೋಡಿ, ಕಣ್ಣು ತುಂಬಿಕೊಂಡು ಮುಖ ತಿರುಗಿಸಿದಳು. ಅವಳಿಗೆ ಗೊತ್ತಾಗಿದೆ. ಗೊತ್ತಾಗಿಯೂ ಬಾಯಿ ಬಿಡುತ್ತಿಲ್ಲ.

ಮೊದಲ ಬಹುಮಾನದ ಕಪ್ಪು ಕೈಗೆ ಬಂತು. ಫೋನಿನಲ್ಲಿ ಚಂದ್ರಶೇಖರಯ್ಯ ಕೂಗಿದರು. "ಇನ್ನು ಮುಚ್ಚಲಿ ನೋಡೋಣ, ಯಾರು ಮುಚ್ತಾರೋ!" ಮೇಘಶ್ರೀ ಫೋನು ಇಟ್ಟಳು. ತಿರುಗಿ ನೋಡಿದರೆ ಮಾನ್ಯಳ ತಂಡದವರು ಕುಳಿತಿದ್ದ ಕುರ್ಚಿಗಳು ಖಾಲಿ.

"ಎತ್ಲಾಗೆ ಓಯ್ತಿದ್ದೀಯೇ?" ಸಂಜಯ ಕೂಗಿದ.

ಅವಳು ಕಪ್ಪು ಹಿಡಿದುಕೊಂಡೇ ಆಟೋ ಹತ್ತಿದಳು. ಬಸ್ ಸ್ಟ್ಯಾಂಡಿನಲ್ಲಿ ಚನ್ನರಾಯಪಟ್ಟಣದ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕ ಮಾನ್ಯ. ಮಡಿಲಲ್ಲಿ ರೋಬೋಟಿನ ರಟ್ಟಿನ ಪೆಟ್ಟಿಗೆ. ಮೇಘಶ್ರೀ ಕಿಟಕಿಯ ಸರಳು ಹಿಡಿದುಕೊಂಡಳು. ಏದುಸಿರು. ಕಪ್ಪು ಕೊಡಬೇಕು, ಎಲ್ಲ ಹೇಳಬೇಕು. ಮುಚ್ಚುವುದಿದ್ದರೆ ವಿಭಾಗ ಮುಚ್ಚಲಿ.

"ಮಾನ್ಯಾ, ನಿನ್ನ ಪೆಟ್ಗೇಲಿದ್ದ ಮೋಟಾರು..."

ಮಾನ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಗೊತ್ತಾಗ್ಹೋಯ್ತಾ ನಿಂಗೆ?"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಕದಲಿತು. ಮೇಘಶ್ರೀ ಸರಳು ಬಿಡದೆ ಜೊತೆಯಲ್ಲೇ ನಾಲ್ಕು ಹೆಜ್ಜೆ ಓಡಿದಳು.

"ನಮ್ಮ ಮೋಟಾರು ನಿನ್ನೆ ಸಂಜೇನೇ ಸುಟ್ಟುಹೋಗಿತ್ತು ಕಣೆ. ನೀವೆಲ್ಲ ಊಟಕ್ಕೆ ಹೋದಾಗ ನಿಮ್ಮದನ್ನ ಬಿಚ್ಕೊಂಡು, ಸುಟ್ಟಿದ್ದನ್ನ ನಿಮ್ಮ ರೋಬೋಟಿಗೆ ಹಾಕ್ಬಿಟ್ಟೆ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಬೆಳಗ್ಗೆ ನಿಂಗೆ ವಾಪಸ್ ಕೊಟ್ಬಿಡೋಣ ಅಂತ ಸ್ನಾನ ಮುಗಿಸಿ ಬಂದು ನೋಡ್ತೀನಿ, ಪೆಟ್ಟಿಗೇಲಿ ನಿಮ್ಮ ಮೋಟಾರೇ ಇರ್ಲಿಲ್ಲ!"